ಹಳದೀಪುರದ ಬಾವಿಗೆ ಇಳಿದ ಅಯಸ್ಕಾಂತ

ಅರವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಪೂಜೆಗೆಂದು ಹಳದೀಪುರದ ಅಕ್ಕನ ಮನೆಗೆ ಹೋಗಿದ್ದೆ. ಮರುದಿನ ಬೆಳಿಗ್ಗೆ ಅಕ್ಕ ನೀರು ಸೇದುವಾಗ ಹಗ್ಗದ ಗಂಟು ಬಿಚ್ಚಿ ಕೊಡಪಾನ ಬಾವಿಗೆ ಬಿತ್ತು. ಅದು ಅಕ್ಕನದಲ್ಲ, ಪಕ್ಕದ ಮನೆಯ ಅಜ್ಜಿಯಿಂದ ಪೂಜೆಗೆ ತಂದದ್ದು. ಮಧ್ಯಾಹ್ನ ಅಜ್ಜಿ ಅದನ್ನು ಒಯ್ಯಲು ಬರುವವರಿದ್ದರು.

ಬಾವಿ ಕಿರಿದು, ಮನೆಯಲ್ಲಿ ಯಾರಿಗೂ ಈಜು ಬಾರದು. ಪಾತ್ರೆ ಎತ್ತಲು ಪಾತಾಳಗರಡಿ ಬೇಕು. ಕಬ್ಬಿಣದ ಬಳೆಗೆ ಹತ್ತಾರು ಕೊಕ್ಕೆ ತೂಗುಬಿಟ್ಟ ಸಾಧನ ಅದು. ಕೇರಿಯಲ್ಲಿ ಅದು ಇದ್ದದ್ದು ಅದೇ ಅಜ್ಜಿಯ ಮನೆಯಲ್ಲಿ.

"ಕೇಳೂಕೆ ಹೋದ್ರೆ ಎಂತ ಬಿತ್ತು ಅಂತಾರೆ," ಎಂದಳು ಅಕ್ಕ. "ಇನ್ನು ನಮ್ಮನೆಗೆ ಒಂದು ಲೋಟ ಸಹ ಕೊಡೂದಿಲ್ಲ."

ಭಾವ ಹೊನ್ನಾವರದ ಗ್ಯಾರೇಜಿನಲ್ಲಿ ಬಸ್ಸುಗಳ ಡೈನಮೋಗೆ ತಂತಿ ಸುತ್ತುವ ಕೆಲಸದವರು. ಪೂಜೆಯ ದೀಪಕ್ಕೆಂದು ತಂದ ಬಸ್ಸಿನ ಬ್ಯಾಟರಿ ಇನ್ನೂ ಜಗಲಿಯಲ್ಲಿತ್ತು.

"ಗರಡಿ ಎಂತಕ್ಕೆ? ಕರೆಂಟಿದೆಯಲ್ಲ," ಎಂದರು.

ದಪ್ಪ ಬೋಲ್ಟಿಗೆ ತಾಮ್ರದ ತಂತಿಯನ್ನು ನೂರಾರು ಸುತ್ತು ಸುತ್ತಿ, ನೀರು ತಾಗದಂತೆ ಮೇಲೆ ಸೈಕಲ್ ಟ್ಯೂಬು ಬಿಗಿದು, ತಂತಿಯ ತುದಿಗಳನ್ನು ಬ್ಯಾಟರಿಗೆ ಸೇರಿಸಿದರು. ತಂತಿಯಲ್ಲಿ ವಿದ್ಯುತ್ ಹರಿದಾಗ ಸುತ್ತ ಕಾಂತಬಲ ಹುಟ್ಟುತ್ತದೆ. ಸುರುಳಿಯೊಳಗೆ ಅದು ಒಟ್ಟುಗೂಡಿ ಕಬ್ಬಿಣವನ್ನು ಅಯಸ್ಕಾಂತ ಮಾಡುತ್ತದೆ. ವಿದ್ಯುತ್ ನಿಂತರೆ ಬಲವೂ ಹೋಯಿತು. ಕರೆಗಂಟೆ ಬಡಿಯುವುದು, ಫ್ಯಾನು ತಿರುಗುವುದು, ರೇಡಿಯೋ ಮಾತಾಡುವುದು ಎಲ್ಲ ಇದರಿಂದಲೇ. ಭಾವ ಬಾವಿಕಟ್ಟೆ ಹತ್ತಿ ಇಷ್ಟನ್ನೂ ವಿವರಿಸಿದರು. ಅಕ್ಕನ ಕಣ್ಣು ಬೇಲಿಯ ಕಡೆಗಿತ್ತು.

ಅಯಸ್ಕಾಂತ ಇಳಿಯಿತು. ಮೊದಲು ಒಂದು ಬಾಲ್ದಿಯ ಹಿಡಿ ಬಂತು. ಆಮೇಲೆ ಕತ್ತಿ, ಬಾಗಿಲ ಚಿಲಕ, ಯಾವ ಕಾಲದ್ದೋ ಸೌಟು. ಕೊಡಪಾನ ಬರಲಿಲ್ಲ.

ನಾನು ಪತ್ರಿಕೆಗೆ ಸುದ್ದಿ ಬರೆಯುವವನು. ಕೊಡಪಾನ ಬಿದ್ದ ಹೊತ್ತು, ಬಾವಿಯ ಆಳ, ಹಗ್ಗದ ಉದ್ದ ಎಲ್ಲ ಗುರುತು ಹಾಕಿಕೊಂಡಿದ್ದೆ. ಕೇಳಬೇಕಾದ ಪ್ರಶ್ನೆಯೊಂದು ಉಳಿದಿತ್ತು.

"ಅಕ್ಕ, ಕೊಡಪಾನ ಎಂತದ್ದು?"

"ತಾಮ್ರದ್ದು."

ಭಾವ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಮನೆಯಲ್ಲಿದ್ದದ್ದು ಕಬ್ಬಿಣದ ತಗಡಿನ ಕೊಡ. ಇದೂ ಹಾಗೇ ಎಂದುಕೊಂಡಿದ್ದರು. ತಾಮ್ರ ಅಯಸ್ಕಾಂತಕ್ಕೆ ಅಂಟುವುದಿಲ್ಲ.

"ಮೊದ್ಲೇ ಹೇಳೂಕಾಗ್ತಿರ್ಲಿಲ್ವಾ?"

"ನೀವು ಕೇಳಿದ್ರಾ? ಕರೆಂಟು ಕರೆಂಟು ಅಂತ ಕುಣೀತಿದ್ರಿ!"

ಅಷ್ಟರಲ್ಲಿ ಅಜ್ಜಿ ಬೇಲಿ ದಾಟಿ ಬಂದರು. ಕತ್ತಿ, ಚಿಲಕ, ಸೌಟು ಇನ್ನೂ ಬೋಲ್ಟಿಗೆ ಕಚ್ಚಿಕೊಂಡು ಬಾವಿಯ ಬಾಯಿಯಲ್ಲಿ ತೂಗುತ್ತಿದ್ದವು. ಭಾವ ಗಡಬಡಿಸಿ ಎದ್ದಾಗ ಕಾಲು ತಂತಿಗೆ ಸಿಕ್ಕಿ, ತಂತಿ ಬ್ಯಾಟರಿಯಿಂದ ಕಿತ್ತುಬಂತು. ಮೂರೂ ಒಟ್ಟಿಗೆ ನೀರಿಗೆ ಬಿದ್ದವು.

"ತೆಗೆದದ್ದು ಮತ್ತೆ ಒಳಗೆ ಹಾಕೂದು ಎಂತ ಪೂಜೆಯಾ ತಮ್ಮ?" ಎಂದು ಅಜ್ಜಿ ಬಾವಿಗೆ ಇಣುಕಿದರು. ನೆತ್ತಿಯ ಬಿಸಿಲು ತಳ ಮುಟ್ಟಿತ್ತು. "ಕೆಳಗೆ ಹೊಳೀತಾ ಇರೂದು ನಂದೇ ಕೊಡಪಾನ ಅಲ್ಲನಾ?"

ಅಕ್ಕನ ಕಣ್ಣಲ್ಲಿ ನೀರು. "ಹೌದು ಅಜ್ಜಿ. ಗಂಟು ಬಿಚ್ಚಿತ್ತು."

ಅಜ್ಜಿ ಮನೆಗೆ ಹೋಗಿ ಗರಡಿ ತಂದರು, ಆದರೆ ಕೈಗೆ ಕೊಡಲಿಲ್ಲ. ಗರಡಿ ಒಯ್ಯುವವರು ಬದಲಿಗೆ ಒಂದು ವಸ್ತು ಇಡಬೇಕೆಂಬುದು ಊರಿನ ರೂಢಿ.

"ನಿಮ್ಮ ಕೊಡಪಾನ ತೆಗೂಕೆ ಸಹ ಒತ್ತೆಯಾ ಅಜ್ಜಿ?" ಎಂದರು ಭಾವ.

"ರೂಢಿ ಬಿಡೂಕಾಗ್ತದಾ?" ಎಂದು ಅಯಸ್ಕಾಂತವನ್ನೇ ಸೆರಗಿನಲ್ಲಿ ಕಟ್ಟಿಕೊಂಡರು.

ಎರಡನೇ ಎಸೆತಕ್ಕೆ ಕೊಡಪಾನ ಮೇಲೆ ಬಂತು, ಹೊಟ್ಟೆಯಲ್ಲಿ ಒಂದು ನೆಗ್ಗಿನೊಂದಿಗೆ. ಅಜ್ಜಿ ನೆಗ್ಗನ್ನು ಬೆರಳಿಂದ ತಟ್ಟಿ ನೋಡಿ, ಅದು ಸರಿಯಾಗುವವರೆಗೆ ಅಯಸ್ಕಾಂತ ಸಿಗದು ಎಂದರು. ಭಾವ ಸಂಜೆಯವರೆಗೂ ಮರದ ಕೊಡತಿ ಹಿಡಿದು ಕೊಡಪಾನ ಬಡಿಯುತ್ತ ಕುಳಿತರು.

ಮುಂದಿನ ಹಬ್ಬಕ್ಕೆ ಅಕ್ಕ ಹೆದರುತ್ತಲೇ ಆ ಕೊಡಪಾನವನ್ನು ಮತ್ತೆ ಕೇಳಿದಳು. ಅಜ್ಜಿ ಕೊಟ್ಟರು. ಅದರ ಕುತ್ತಿಗೆಗೆ ತಾವೇ ಹಗ್ಗ ಬಿಗಿದು, ಗಂಟಿನ ಮೇಲೆ ಇನ್ನೂ ಮೂರು ಗಂಟು ಹಾಕಿ ಕೊಟ್ಟರು.