ಗೂಟಕ್ಕೆ ಹಾಕಿದ ಅಂಗಿ

ಬಾಗೇವಾಡಿಯಲ್ಲಿ ಮದುವೆ ವಿಡಿಯೋ ತೆಗೆಯುವುದು ನನ್ನ ಕಸುಬು. ಒಂದು ದಿನ ಪೊಲೀಸ್ ಠಾಣೆಯಿಂದ ಕರೆ ಬಂತು; ಯಾವ ಠಾಣೆ ಅಂತ ಕೇಳಬೇಡಿ. ಪೇದೆಯೊಬ್ಬ ತನ್ನನ್ನು ಒಳಗೆ ಕೂಡಿಹಾಕಿ ಹೊಡೆದ ಎಂದು ಕುರಿ ಕಾಯುವ ಮುದುಕನೊಬ್ಬ ದೂರು ಕೊಟ್ಟಿದ್ದ. ಪೇದೆಯ ಎದೆ ಮೇಲಿನ ಕ್ಯಾಮೆರಾದಲ್ಲಿ ಏನಿದೆ ಎಂದು ವಿಚಾರಣೆಗೆ ಬಂದ ಸಾಹೇಬರಿಗೆ ನಾನು ತೋರಿಸಬೇಕಿತ್ತು; ಅದನ್ನು ಕಂಪ್ಯೂಟರಿಗೆ ಹಾಕಿ ತೋರಿಸಲು ಠಾಣೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ.

ತೋರಿಸಿದೆ. ಪೇದೆ ಖಾಕಿ ಅಂಗಿ ಬಿಚ್ಚಿ, ಕ್ಯಾಮೆರಾ ಸಮೇತ ಗೂಟಕ್ಕೆ ಹಾಕಿದ್ದ. ಅಲ್ಲಿಂದ ಮುಂದೆ ಕಾಣುವುದು ಎದುರಿನ ಗೋಡೆ, ಅದರ ಮೇಲೊಂದು ಕ್ಯಾಲೆಂಡರ್, ಅಷ್ಟೇ. ಕೇಳುವುದು ಬೆಲ್ಟಿನ ಸಪ್ಪಳ, ನಡುನಡುವೆ "ಯಪ್ಪಾ, ಸಾಕ್ರಿ" ಎನ್ನುವ ದನಿ.

"ಹೊಡದದ್ದು ಎಲ್ಲಿ ಕಾಣ್ತೈತಿ?" ಅಂದರು ಸಾಹೇಬರು.

"ಕೇಳಸ್ತೈತಲ್ರಿ."

"ಯಾರ ದನಿ ಅಂತ ಹೆಂಗ ಹೇಳೂದು? ಅಂವಾ ಕ್ಯಾಮೆರಾ ಬಂದ್ ಮಾಡಿಲ್ಲ. ನಿಯಮ ಪಾಲಿಸ್ಯಾನ."

ಹೊರಗೆ ಬೇವಿನ ಗಿಡದ ಕೆಳಗೆ ಮುದುಕ ಕಂಬಳಿ ಹೊದ್ದು ಕೂತಿದ್ದ. ನನ್ನನ್ನು ಕಂಡು, "ಅದರಾಗ ನಾ ಬಂದೇನೇನ್ರಿ?" ಎಂದ.

ಮದುವೆ ವಿಡಿಯೋ ಕೊಡುವಾಗ ಎಲ್ಲರೂ ಕೇಳುವುದು ಇದನ್ನೇ. ಊಟದ ಪಂಕ್ತಿಯಲ್ಲಾದರೂ ಹುಡುಕಿ ಅವರ ಮುಖ ತೋರಿಸಿ ಕಳಿಸುತ್ತೇನೆ. ಈ ಮುದುಕನಿಗೆ ತೋರಿಸಲು ನನ್ನ ಹತ್ತಿರ ಇದ್ದದ್ದು ಒಂದು ಕ್ಯಾಲೆಂಡರ್.