ಹುಳ ತಿಂದ ಎಲೆ

ಸೋಪಿನ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವನು ಎಲೆಯಣ್ಣ. ಪಾತ್ರೆ ತೊಳೆಯುವ ಸೋಪಿನ ಪೊಟ್ಟಣದ ಮೇಲಿದ್ದ ಹಸಿರು ಎಲೆ ಅವನು ಬರೆದದ್ದು.

ಮದುವೆಯಾದ ಹೊಸತರಲ್ಲಿ ಹೆಂಡತಿ ಅಡುಗೆಮನೆ ಕಿಟಕಿಯ ಕುಂಡದಿಂದ ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದು ನಿಂತಿದ್ದಳು. ಅವನು ಒಂದೊಂದು ನರವನ್ನೂ ನೋಡಿ ಬರೆದ. ಅಂಚಿನಲ್ಲಿ ಹುಳ ತಿಂದ ಜಾಗವನ್ನು ಮಾತ್ರ ತುಂಬಿಸಿಬಿಟ್ಟಿದ್ದ.

"ಅದನ್ಯಾಕೆ ಮುಚ್ಚಿಟ್ರಿ?"

"ಸೋಪು ಮಾರೋ ಎಲೆ ಕಣೇ. ಚೆಂದ ಇರ್ಬೇಕು."

"ಹುಳಾನೂ ಮುಟ್ಟದ ಎಲೆ ಅಂದ್ರೆ ಪ್ಲಾಸ್ಟಿಕ್ಕೇ ಸರಿ. ಇದ್ದ ಹಾಗೆ ಬರೀರಿ, ಬೇಗ, ಕೈ ನೋಯ್ತಿದೆ."

ಬರೆದ. ಹುಳ ತಿಂದ ಅಂಚಿನ ಸಮೇತ ಆ ಎಲೆ ಊರೂರು ತಿರುಗಿತು. ಮಕ್ಕಳಾಗಲಿಲ್ಲ. ಅವಳು ತೀರಿಕೊಂಡ ಮೇಲೆ ಆ ಮನೆಯಲ್ಲಿ ಸದ್ದು ಮಾಡುವುದೆಂದರೆ ಸೋರುವ ನಲ್ಲಿಯೊಂದೇ. ಸಂಜೆ ನೇರ ಮನೆಗೆ ಹೋಗಲು ಕಾಲು ಬರುತ್ತಿರಲಿಲ್ಲ. ಬೀದಿ ಮೂಲೆಯ ಅಂಗಡಿಗೆ ಹೋಗಿ, ಕಪಾಟಿನಲ್ಲಿ ಬೆನ್ನು ತೋರಿಸಿ ಕೂತ ಪೊಟ್ಟಣಗಳನ್ನೆಲ್ಲ ಎಲೆ ಕಾಣುವಂತೆ ತಿರುಗಿಸಿಡುತ್ತಿದ್ದ.

"ಹಾಜರಿ ಆಯ್ತಾ ಅಣ್ಣಾ?" ಎನ್ನುವಳು ಅಂಗಡಿಯಾಕೆ.

"ಒಬ್ರೂ ಗೈರಿಲ್ಲ ಕಣಮ್ಮ."

ಆಮೇಲೆ ಸಮುದ್ರದಾಚೆಯ ದೇಶವೊಂದು ಹೊಸ ಕಾನೂನು ತಂದಿತು. ಪೊಟ್ಟಣದ ಮೇಲೆ ಎಲೆಯೋ ಮರವೋ ಇದ್ದರೆ, ಒಳಗಿನ ಸರಕು ಪರಿಸರಕ್ಕೆ ಒಳ್ಳೆಯದೆಂದು ಹೇಳಿಕೊಂಡ ಹಾಗೆ. ಹೇಳಿಕೊಂಡವರು ಹೊರಗಿನವರಿಂದ ಪರೀಕ್ಷೆ ಮಾಡಿಸಿ ರುಜುವಾತು ಕೊಡಬೇಕು. ಈ ಸೋಪಿಗೆ ಹಾಕುವ ತಾಳೆ ಎಣ್ಣೆಯೋ ನಾಲ್ಕಾರು ವ್ಯಾಪಾರಿಗಳ ಕೈ ದಾಟಿ ಬರುವಂಥದ್ದು. ಯಾವ ಕಾಡು ಕಡಿದ ನೆಲದಲ್ಲಿ ಬೆಳೆದ ತಾಳೆಯದ್ದೋ, ಹೇಳುವವರೇ ಇರಲಿಲ್ಲ.

ಕಾರ್ಖಾನೆ ನಡೆಸುವ ಮೇಡಂ ಅವನನ್ನು ಕರೆಸಿದರು. "ಅಲ್ಲಿಗೆ ಹೋಗೋದ್ರಲ್ಲಿ ಎಲೆ ತೆಗೀರಿ ಅಣ್ಣಾ. ಇಲ್ಲಿ ಯಾರೂ ಕೇಳಲ್ಲ, ಇರ್ಲಿ."

"ಅದೇ ಸೋಪು, ಅದೇ ಎಲೆ. ಅಲ್ಲಿ ಸುಳ್ಳು, ಇಲ್ಲಿ ನಿಜಾನಾ ಮೇಡಂ?"

"ಎಲೆ ಉಳೀಬೇಕೋ ಬೇಡ್ವೋ ಅದನ್ನ ಹೇಳಿ."

ಅವನು ಹೂಂ ಎಂದ. ಎಲೆ ಉಳಿಯಬೇಕಿತ್ತು. ಹೆಂಡತಿ ಹಿಡಿದು ನಿಂತ ಎಲೆ ಲೋಕದಲ್ಲಿ ಅದೊಂದೇ.

ಹೀಗೆ ಎರಡು ಬಗೆಯ ಪೊಟ್ಟಣಗಳಾದವು, ಇಲ್ಲಿಗೆ ಎಲೆಯದ್ದು, ಆಚೆಗೆ ಬೋಳು. ಆಚೆ ದೇಶದ ಸರದಿ ಬಂದಾಗ ಮಷಿನ್ನಿಗೆ ಏರುವ ಪೊಟ್ಟಣದ ಕಾಗದದ ಸುರುಳಿಯನ್ನು ಎಲೆಯಣ್ಣನೇ ನೋಡಿ ಸರಿ ಎನ್ನಬೇಕು. ಒಂದು ಬೆಳಿಗ್ಗೆ ಪ್ಯಾಕಿಂಗ್ ಮಷಿನ್ ನಡೆಸುವ ಗೆಳೆಯ ಸುರುಳಿಯ ತುದಿ ಬಿಚ್ಚಿ ತೋರಿಸಿದ.

"ಆಚೆ ದೇಶದ್ದು. ನೋಡೋ, ಸರಿ ಇದೆಯಾ?"

ಅವನು ಬಗ್ಗಿ ನೋಡಿದ. ನರಗಳು ಚೊಕ್ಕ, ಹಸಿರು ಹದವಾಗಿದೆ, ಹುಳ ತಿಂದ ಅಂಚು ಎಲ್ಲಿರಬೇಕೋ ಅಲ್ಲೇ ಇದೆ. "ಸರಿ ಇದೆ, ನಡೆಸು" ಎಂದ. ಇಷ್ಟು ವರ್ಷ ಎಲೆ ಇದ್ದರೇ ಸರಿ ಎಂದು ಕಲಿತ ಕಣ್ಣು. ಎಲೆಯೇ ತಪ್ಪು ಎಂದು ಅದಕ್ಕೆ ಹೊಳೆಯಲೇ ಇಲ್ಲ.

ಸರಕು ಆಚೆಯ ಬಂದರಿನಲ್ಲಿ ನಿಂತಿತು, ವಾಪಸು ಬಂತು. ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ಮೇಲೆ ಎಲ್ಲ ಕಡೆಗೂ ಒಂದೇ ಪೊಟ್ಟಣ ಅಣ್ಣಾ. ಎಲೆ ಬೇಡ" ಎಂದರಷ್ಟೆ.

"ಹೋಗಿ ಒಂದ್ಸಲ ಬೇಡ್ಕೊಳ್ಳೋ" ಎಂದ ಗೆಳೆಯ.

"ಯಾವ ಬಾಯಲ್ಲಿ? ಕಾಯೋಕೆ ಕೂತವನೇ ಬಾಗಿಲು ತೆಗೆದ್ಬಿಟ್ಟೆ."

ಅಂಗಡಿಗೆ ಹೊಸ ಪೊಟ್ಟಣಗಳು ಬಂದವು, ಹಳೆಯವು ಇನ್ನೂ ಒಂದಿಷ್ಟು ಉಳಿದಿದ್ದವು. ಎಲೆಯಣ್ಣ ಎಂದಿನಂತೆ ಹೋಗಿ, ಎಲೆ ಇದ್ದವುಗಳನ್ನು ಕಪಾಟಿನ ಹಿಂದಕ್ಕೆ ತಳ್ಳಿ ಬೋಳು ಪೊಟ್ಟಣಗಳನ್ನು ಮುಂದೆ ಜೋಡಿಸತೊಡಗಿದ.

"ಇದೇನಣ್ಣಾ ಉಲ್ಟಾ? ಅಷ್ಟು ಆಸೆ ಇದ್ರೆ ನೀವೇ ತಗೊಂಡ್ಹೋಗಿ."

"ಮನೇಲಿ ಇಟ್ರೆ ಅದೂ ನಾನೂ ಇಬ್ರೇ ಆಗ್ತೀವಲ್ಲಮ್ಮ. ಇಲ್ಲಾದ್ರೆ ನಾಲ್ಕು ಜನ ಓಡಾಡ್ತಾರೆ. ಬೇಗ ಖಾಲಿಯಾಗದಿದ್ರೆ ಸಾಕು."

ಅವನು ತೀರಿಹೋದದ್ದು ನಿದ್ದೆಯಲ್ಲಿ. ಗೊತ್ತಾದದ್ದು ಸಂಜೆ, ಅವನು ಕಪಾಟಿನ ಹತ್ತಿರ ಬರದೇ ಇದ್ದಾಗ. ಅಂಗಡಿಯಾಕೆಯೇ ಕಾರ್ಖಾನೆಗೆ ಫೋನು ಮಾಡಿದ್ದು.

ಕೆಲವು ದಿನ ಕಳೆದು ಗೆಳೆಯ ಸೋಪು ಕೊಳ್ಳಲು ಅದೇ ಅಂಗಡಿಗೆ ಹೋದ. ಅಂಗಡಿಯಾಕೆ ಮೊಣಕೈವರೆಗೂ ಕೈಯನ್ನು ಕಪಾಟಿನೊಳಗೆ ತೂರಿಸಿ ಧೂಳು ಹಿಡಿದ ಪೊಟ್ಟಣವೊಂದನ್ನು ಹೊರತೆಗೆದಳು.

"ಇದೊಂದೇ ಉಳಿದಿರೋದು. ನೀವು ತಗೊಳ್ಳಿ."

ಅವನು ಧೂಳು ಒರೆಸಿದ. ಎಲೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಅದನ್ನು ಮೊದಲಿದ್ದಲ್ಲಿಗೇ, ಕೈಗೆ ಎಟುಕಿದಷ್ಟು ಹಿಂದಕ್ಕೆ ತಳ್ಳಿಟ್ಟು, ಮುಂದಿದ್ದ ಬೋಳು ಪೊಟ್ಟಣವೊಂದನ್ನು ಕೊಂಡು ಹೊರಟ.