ಠುಸ್ಸೆಂದ ಗುಂಡಿಗೆ ಕಿವಿಗೊಟ್ಟು

ಶನಿವಾರ, ಬಿಸಿಲು ಇನ್ನೂ ಏರಿಲ್ಲ. ಪಶ್ಚಿಮ ಟೆಕ್ಸಸ್‌ನ ಕೆಲ್ಟನ್ ಊರಾಚೆ, ಹತ್ತಿ ಹೊಲ ಮುಗಿದು ಮುಳ್ಳುಗಿಡ ಶುರುವಾಗುವ ಕಡೆ, ಒಲೀಟಾ ಸ್ಟ್ರೌಡ್ ಉದ್ದನೆಯ ಪೊರಕೆ ಹಿಡಿದು ಬೆಂಚುಗಳ ಕೆಳಗೆ ಬಗ್ಗಿ ನೋಡುತ್ತಿದ್ದಾರೆ. ಮೂರನೆಯ ಬೆಂಚಿನಡಿ ತಣ್ಣಗೆ ಸುತ್ತಿಕೊಂಡ ಹಾವೊಂದು ಸಿಗುತ್ತದೆ. "ಏಳಪ್ಪಾ, ಏಳು. ಇನ್ನರ್ಧ ಗಂಟೆ ಬಿಟ್ರೆ ಇಲ್ಲಿ ನಿಂಗೆ ನಿದ್ದೆನೂ ಇಲ್ಲ, ನಂಗೆ ನೆಮ್ಮದಿನೂ ಇಲ್ಲ," ಎನ್ನುತ್ತ ಅದನ್ನು ಪೊರಕೆಯಲ್ಲೇ ಬೇಲಿಯಾಚೆ ಸಾಗಹಾಕುತ್ತಾರೆ. ಬೈಗುಳದಲ್ಲೂ ಅಕ್ಕರೆ ಇದೆ.

ಇದು ಗುಂಡು ಹಾರಿಸುವ ಮೈದಾನ. ನಾಲ್ಕನೆಯ ಅಂಕಣ ಒಲೀಟಾ ಅವರದು. ದಡದಡನೆ ಗುಂಡು ಸುರಿಸುವ ವೇಗದ ರೈಫಲ್‌ಗಳಿಗೆ ಜಾಗ ಅಲ್ಲಿ ಮಾತ್ರ. ಕೆಂಪು ಜಾಕೆಟ್ ತೊಟ್ಟು, ಗುಂಡು ಹಾರಿಸುವವರ ಹಿಂದೆ ನಿಲ್ಲುವುದು, ಅವರ ಕೈ ಕಣ್ಣು ಕಾಯುವುದು ಅರವತ್ತೆರಡರ ಈ ಹೆಂಗಸಿನ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಅಲ್ಲಿ ಯಾರ ಬೆರಳೂ ಮುರಿದಿಲ್ಲ. ಆದ್ದರಿಂದಲೇ ಅವರ ಹೆಸರು ಯಾವ ಪತ್ರಿಕೆಯಲ್ಲೂ ಬಂದಿಲ್ಲ.

ಈ ಕೆಲಸ ಈಗ ಒಂದು ಮಾತಿನ ಮೇಲೆ ನಿಂತಿದೆ. ಒಲೀಟಾರ ಬಲಗಿವಿ ಬಹುಪಾಲು ಹೋಗಿದೆ ಎಂದು ಕಳೆದ ತಿಂಗಳು ವೈದ್ಯರು ಹೇಳಿದರು. ಮೈದಾನದ ಯಜಮಾನ ಡ್ವೇನ್ ಪ್ರೂಯಿಟ್, "ಮಿಸ್ ಒಲೀಟಾ, ಒಳಗೆ ಕೌಂಟರ್‌ನಲ್ಲಿ ಕೂತ್ಕೊಳ್ಳಿ, ಫ್ಯಾನ್ ಇದೆ, ಕಾಫಿ ಇದೆ," ಎಂದು ಗೋಗರೆದ. ಅವರು ಒಪ್ಪಲಿಲ್ಲ. "ಎಡಗಿವಿ ಇದೆಯಲ್ಲೋ. ಒಂದೇ ಒಂದು ಠುಸ್ ನನ್ನ ಕಿವಿ ತಪ್ಪಿಸ್ಕೊಂಡು ಹೋದ ದಿನ, ನೀನು ಕೇಳೋ ಮುಂಚೆ ಜಾಕೆಟ್ ಬಿಚ್ಚಿಡ್ತೀನಿ," ಎಂದರು. ಡ್ವೇನ್ ತಲೆ ಕೆರೆದುಕೊಂಡು ಹ್ಞೂಂ ಅಂದ.

ಠುಸ್ ಎಂದರೆ ಏನೆಂದು ಇಲ್ಲಿನವರನ್ನು ಕೇಳಿದರೆ ಮುಖದ ನಗೆ ಆರುತ್ತದೆ. ಮದ್ದು ಕಡಿಮೆ ಬಿದ್ದ ತೋಟಾ ಢಂ ಎನ್ನದೆ ಠುಸ್ಸೆನ್ನುತ್ತದೆ. ಗುಂಡು ಹೊರಬರದೆ ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ಗುಂಡು ಹಾರಿಸಿದರೆ ರೈಫಲ್ ಕೈಯಲ್ಲೇ ಸಿಡಿಯಬಹುದು. ಚುರುಕಿನ ಕೈಯವರಿಗೇ ಅಪಾಯ ಹೆಚ್ಚು. ಬಂದೂಕು ನಿಂತರೆ ಯೋಚಿಸದೆ ಅದರ ಹಿಡಿಯನ್ನು ಖಟಕ್ಕನೆ ಹಿಂದಕ್ಕೆಳೆದು, ಹೊಸ ಗುಂಡು ಏರಿಸಿ, ಮತ್ತೆ ಟ್ರಿಗರ್ ಒತ್ತಿಬಿಡುವುದು ಅವರ ಕೈಗೆ ಅಭ್ಯಾಸವಾಗಿರುತ್ತದೆ. ಆ ಠುಸ್ಸಿಗೂ ಆ ಒತ್ತಿಗೂ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಒಲೀಟಾ ಸಂಬಳ ಪಡೆಯುವುದು ಅಷ್ಟು ಹೊತ್ತಿಗಾಗಿ.

ಈ ಕಿವಿಯನ್ನು ಕೊಟ್ಟಿದ್ದು ಹತ್ತಿ ಗಿರಣಿ. ಗಂಡ ವರ್ನೆಲ್ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಲು ಒಲೀಟಾ ಊರ ಗಿರಣಿ ಸೇರಿದರು. ಹತ್ತಿ ಬಿಡಿಸುವ ಯಂತ್ರಗಳ ಗದ್ದಲದಲ್ಲಿ ಒಂದು ಗಾಲಿ ಕೊರಗಿದರೂ ಅವರಿಗೆ ಗೊತ್ತಾಗುತ್ತಿತ್ತು. ಗಿರಣಿ ಮುಚ್ಚಿದಾಗ ಕೈಹಿಡಿದಿದ್ದು ಈ ಮೈದಾನ. "ಬಂದ ಹೊಸದ್ರಲ್ಲಿ ಗಂಡಸ್ರು ನನ್ನ ನೋಡಿ ಮೂಗು ಮುರಿಯೋರು. ತಿಂಡಿ ಮಾರೋಕೆ ಬಂದೋಳನ್ನ ನೋಡ್ದಂಗೆ ಅಲ್ಲ, ಲೆಕ್ಕ ಕೇಳೋಕೆ ಬಂದ ಅತ್ತೇನ ನೋಡ್ದಂಗೆ!" ಎಂದು ಗಹಗಹಿಸುತ್ತಾರೆ. ಈಗ ಅದೇ ಗಂಡಸರು ಅವರಿಗೆಂದು ಮನೆಯಿಂದ ಹುರಿದ ಬೆಂಡೆಕಾಯಿ ಕಟ್ಟಿಸಿಕೊಂಡು ಬರುತ್ತಾರೆ.

ಜನ ಈ ಬಂದೂಕಿಗೆ ಯಾಕೆ ಮುಗಿಬೀಳುತ್ತಾರೆ? ಒಲೀಟಾ ಸುಳ್ಳು ಹೇಳುವವರಲ್ಲ. "ಮಜಾ ಕಣ್ರೀ, ಬರೀ ಮಜಾ! ಚರ್ಚಿನ ಪಾದ್ರಿ ಒಬ್ರು ಬಂದಿದ್ರು. ಒಂದು ಸುತ್ತು ಹಾರ್ಸಿದ್ರು. ಆಮೇಲೆ ತಿರುಗಿ ನನ್ನ ನೋಡಿ ನಕ್ರು ನೋಡಿ, ಕದ್ದು ಬೆಲ್ಲ ತಿಂದ ಮಗು ಥರ. ವಾರವಿಡೀ ಗೇದು ಬಂದೋರು, ಯಾರ್ಯಾರ ಹತ್ರ ಏನೇನೋ ಅನ್ನಿಸ್ಕೊಂಡು ಬಂದೋರು. ಆ ದಡದಡದಲ್ಲಿ ಅವ್ರಿಗೆ ಬೇರೇನೂ ನೆನಪಿರಲ್ಲ."

ಕೊಳ್ಳಲೇ ಎಂದು ಕೇಳಿದವರಿಗೆ ಅವರ ಉತ್ತರ ಬೇರೆ. "ಬೇಟೆಗೆ ಬೇಕಾ, ಒಂದೇ ಗುಂಡಿನದು ತಗೋ. ಗುರಿ ಕಲೀಬೇಕಾ, ಅದೇ ತಗೋ. ಇದು ಗುಂಡನ್ನ ನೀರು ಕುಡಿದಂಗೆ ಕುಡಿಯತ್ತೆ. ಎರಡು ಸುತ್ತಿಗೆ ನಳಿಗೆ ಕಾದು ಕೆಂಡ. ಮೊದಲ್ನೇದು ಗುರಿಗೆ, ಉಳಿದಿದ್ದೆಲ್ಲ ಆಕಾಶಕ್ಕೆ. ಬಾಡಿಗೆಗೆ ತಗೊಂಡು ಹಾರ್ಸು, ನಗ್ತಾ ಮನೆಗೆ ಹೋಗು ಮರಿ." ಈ ರೈಫಲ್ ಮಾರುವ ಡ್ವೇನ್ ಪಕ್ಕದಲ್ಲಿದ್ದರೂ ಹೀಗೇ ಹೇಳುತ್ತಾರೆ. ಅವನು ಕೇಳದವನಂತೆ ಆಕಾಶ ನೋಡುತ್ತಾನೆ.

ರಾಯ್ಸ್ ಟ್ಯಾಕೆಟ್ ಮಾತ್ರ ಈ ಮಾತು ಕೇಳದೆ ಸ್ವಂತ ರೈಫಲ್ ಕೊಂಡವನು. ತೈಲಬಾವಿಗಳ ಪಂಪು ರಿಪೇರಿ ಮಾಡುವ ಆಳು, ಕೈ ಮಿಂಚು. ಗುಂಡಿನ ಖರ್ಚು ತಾಳಲಾರದೆ ಖಾಲಿ ತೋಟಾಗಳನ್ನು ಆಯ್ದು, ಮನೆಯ ಶೆಡ್ಡಿನಲ್ಲಿ ತಾನೇ ಮದ್ದು ತುಂಬುತ್ತಾನೆ. ಇಂದೂ ಒಂಬತ್ತರ ಹೊತ್ತಿಗೆ ಹಾಜರು.

"ಮಿಸ್ ಒಲೀಟಾ, ನಿಮ್ಮ ಕಿವಿ ಹೋಗಿದೆಯಂತೆ? ಹಾಗಾದ್ರೆ ಇವತ್ತು ನಿಮ್ಮ ಬಿಸ್ಕತ್ತು ಕಲ್ಲು ಅಂತ ಜೋರಾಗೇ ಹೇಳ್ಬಹುದು."

"ಹೇಳೋ, ಹೇಳು. ತಿನ್ನೋವಾಗ ಕಲ್ಲು ಅನ್ನಿಸ್ಲಿಲ್ವಾ, ಐದು ನುಂಗ್ದಲ್ಲಾ!"

ಪಕ್ಕದ ಅಂಕಣದಲ್ಲಿ ಕಾವಲಿರುವ ಚೆಲೊ ಅರ್ಮಿಹೊ ನಗುತ್ತಾಳೆ. ನಲವತ್ತರ ಚೆಲೊ ಈ ಕೆಲಸವನ್ನು ಒಲೀಟಾ ಹಿಂದೆ ನಿಂತೇ ಕಲಿತವಳು.

ರಾಯ್ಸ್ ಭುಜಕ್ಕೆ ರೈಫಲ್ ಆನಿಸುತ್ತಾನೆ. ಒಲೀಟಾ ಎಡಗಿವಿಯನ್ನು ಅವನತ್ತ ವಾಲಿಸಿ ನಿಲ್ಲುತ್ತಾರೆ. ದಡದಡ ಶುರುವಾಗುತ್ತದೆ, ದಿಬ್ಬದಲ್ಲಿ ಧೂಳೇಳುತ್ತದೆ, ರೈಫಲ್ ನಿಲ್ಲುತ್ತದೆ. ಗುಂಡು ತೀರಿರಬೇಕೆಂದು ಒಲೀಟಾ ಎಣಿಸುತ್ತಾರೆ. ರಾಯ್ಸ್‌ನ ಕೈ ಆಗಲೇ ಹಿಡಿಯನ್ನು ಖಟಕ್ಕನೆ ಎಳೆದಾಗಿದೆ.

"ನಿಲ್ಸೂ! ಒಲೀಟಾ, ಹಿಡೀರಿ ಅವನ್ನ!"

ಚೆಲೊಳ ಕೂಗು. ಆ ಕೂಗು ಕೇಳಿದ್ದೇ ಒಲೀಟಾರ ಅಂಗೈ ರಾಯ್ಸ್‌ನ ಮುಂಗೈ ಮೇಲೆ ಬೀಳುತ್ತದೆ. ಅವನ ಬೆರಳು ಟ್ರಿಗರ್‌ನಿಂದ ಜಾರುತ್ತದೆ. ರೈಫಲ್‌ನ ಬಾಯಿ ದಿಬ್ಬದ ಕಡೆಗೇ ಇದೆ. ಒಲೀಟಾ ಅದನ್ನು ಮೆಲ್ಲನೆ ಇಸಿದುಕೊಂಡು, ಗುಂಡು ತೆಗೆದು, ಬೆಂಚಿನ ಮೇಲಿಡುತ್ತಾರೆ. ಡ್ವೇನ್ ಓಡಿಬಂದು ನಳಿಗೆಯೊಳಗೆ ಹಿತ್ತಾಳೆ ಕಡ್ಡಿ ಇಳಿಸುತ್ತಾನೆ. ಕಡ್ಡಿ ಅರ್ಧಕ್ಕೆ ಟಕ್ಕೆಂದು ನಿಲ್ಲುತ್ತದೆ.

ರಾಯ್ಸ್‌ನ ಮುಖ ಬಿಳಿಚಿಕೊಂಡಿದೆ. ಅವನು ಒಲೀಟಾರನ್ನು ತಬ್ಬಿಕೊಂಡು, "ನೀವು ಕೈ ಹಿಡೀದೆ ಹೋಗಿದ್ರೆ ನನ್ನ ಮುಖ ಇರ್ತಿರ್ಲಿಲ್ಲ ಮಿಸ್ ಒಲೀಟಾ," ಎಂದು ಮಗುವಿನಂತೆ ಅಳುತ್ತಾನೆ. ಸುತ್ತಲಿನವರು ಚಪ್ಪಾಳೆ ತಟ್ಟುತ್ತಾರೆ. ಡ್ವೇನ್‌ಗೂ ಹಿಗ್ಗು. "ಯಾರ್ರೀ ಹೇಳಿದ್ದು ಕಿವಿ ಹೋಗಿದೆ ಅಂತ? ಇನ್ನೂ ಹತ್ತು ವರ್ಷ ಇಲ್ಲೇ ಇರಿ!"

ಚೆಲೊ ಕೂಡ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದಾಳೆ. ಗದ್ದಲದಲ್ಲಿ ಅವಳ ಕೂಗನ್ನು ಬೇರೆ ಯಾರೂ ಗಮನಿಸಿಲ್ಲ. ಒಲೀಟಾ ಸುಮ್ಮನೆ ಚಪ್ಪಾಳೆ ತೆಗೆದುಕೊಂಡರೆ ಕೇಳುವವರಿಲ್ಲ. ಅವರ ಕಣ್ಣು ಒಂದು ಗಳಿಗೆ ನಾಲ್ಕನೆಯ ಅಂಕಣದ ಉದ್ದಕ್ಕೂ ಓಡಾಡುತ್ತದೆ.

"ನಂಗೆ ಕೇಳಿಸ್ಲಿಲ್ಲ," ಎನ್ನುತ್ತಾರೆ.

"ಏನು?" ಡ್ವೇನ್‌ನ ನಗು ಅರ್ಧಕ್ಕೆ ನಿಲ್ಲುತ್ತದೆ.

"ಠುಸ್ಸಂದಿದ್ದು ನಂಗೆ ಕೇಳಿಸ್ಲಿಲ್ಲ ಕಣೋ. ಕೇಳಿಸಿದ್ದು ಚೆಲೊಗೆ. ಪಕ್ಕದ ಅಂಕಣದಿಂದ." ಅವರು ಕೆಂಪು ಜಾಕೆಟ್‌ನ ಗುಂಡಿ ಬಿಚ್ಚತೊಡಗುತ್ತಾರೆ. ಇನ್ನೊಂದು ವಾರ ನೋಡೋಣ ಎಂದು ಡ್ವೇನ್ ಅಂಗಲಾಚುತ್ತಾನೆ. "ಆ ವಾರದಲ್ಲಿ ಯಾರ ಮುಖ ಪಣಕ್ಕಿಡ್ತೀಯ?" ಎನ್ನುತ್ತ ಒಲೀಟಾ ಕೊನೆಯ ಗುಂಡಿಯನ್ನೂ ಬಿಚ್ಚುತ್ತಾರೆ.

ಅಳುತ್ತಿರುವ ಚೆಲೊಳಿಗೆ ಒಲೀಟಾ ತಾವೇ ಜಾಕೆಟ್ ತೊಡಿಸಿ, ಕಾಲರ್ ಸರಿಮಾಡಿ, ಭುಜ ಹಿಡಿದು ನಾಲ್ಕನೆಯ ಅಂಕಣದಲ್ಲಿ ನಿಲ್ಲಿಸುತ್ತಾರೆ. "ಅತ್ರೆ ಕೇಳ್ಸಲ್ಲ, ಮೂಗು ಒರ್ಸ್ಕೊ," ಎಂದು ಗದರುತ್ತಾರೆ. ಆಮೇಲೆ ಕೌಂಟರ್‌ನ ಫ್ಯಾನಿನ ಕೆಳಗೆ ಬಂದು ಕೂರುತ್ತಾರೆ. ಹೊರಗೆ ಮತ್ತೆ ದಡದಡ ಶುರುವಾದಾಗ ಎಡಗಿವಿ ತಾನಾಗಿ ಅತ್ತ ತಿರುಗುತ್ತದೆ.

ಇಷ್ಟೆಲ್ಲ ಆದ ಮೇಲೆ ತಮ್ಮ ಬಗ್ಗೆ ಬರೆಯಬಹುದೇ ಎಂದು ಕೇಳಿದರೆ, ಕಾಫಿ ಲೋಟ ಕೆಳಗಿಡುತ್ತಾರೆ.

"ಬರೀರಿ. ನನ್ನ ಕಾವಲಲ್ಲಿ ಬಂದೋರೆಲ್ಲ ಅವ್ರವ್ರ ಎರಡು ಕೈ, ಎರಡು ಕಣ್ಣು ತಗೊಂಡೇ ಮನೆಗೆ ಹೋದ್ರು ಅಂತ ಬರೀರಿ. ರಾಯ್ಸ್ ಒಬ್ಬನ್ನ ಮಾತ್ರ ಚೆಲೊ ಹೆಸರಿಗೆ ಹಾಕಿ."